ಕರೆಂಟಿನ ಗಂಟೆ ನೋಡಿ ನೀರಿನ ಲೆಕ್ಕ

(ಪಂಪ್‌ಸೆಟ್ ಹೊಂದಿರುವ ರೈತರ ತರಬೇತಿ ಶಿಬಿರಕ್ಕಾಗಿ ಸಿದ್ಧಪಡಿಸಿದ ಭಾಷಣ)



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳಲ್ಲಿ ಪಂಪ್‌ಸೆಟ್ ಇಟ್ಟುಕೊಂಡಿರುವ ಯಾವ ರೈತನನ್ನು ಮಾತನಾಡಿಸಿದರೂ ಬೆಳೆಯ ಮಾತಿಗಿಂತ ಮೊದಲು ಕರೆಂಟಿನ ಮಾತು ಬರುತ್ತದೆ. (ಸರಗೂರು ಮತ್ತು ಸಾಲಿಗ್ರಾಮ ಈಗ ಬೇರೆ ತಾಲ್ಲೂಕುಗಳಾಗಿವೆ, ಆದರೆ ಅಲ್ಲಿನ ತೊಂದರೆಯೂ ಇದೇ ಆದ್ದರಿಂದ ಅವನ್ನೂ ಸೇರಿಸಿಯೇ ಇಲ್ಲಿ ಹೇಳಲಾಗಿದೆ.) ಬೇಸಿಗೆಯಲ್ಲಿ ಕೆಲವು ದಿನ ಹಗಲು ಪಾಳಿ, ಕೆಲವು ದಿನ ರಾತ್ರಿ ಪಾಳಿ. ಬಂದ ಕರೆಂಟು ನಡುವೆ ಮೂರು ನಾಲ್ಕು ಸಲ ಹೋಗುತ್ತದೆ. ಇದ್ದಾಗಲೂ ವೋಲ್ಟೇಜ್ ಸಾಲದೆ ಮೋಟಾರು ಗುರ್ರೆನ್ನುತ್ತದೆ, ನೀರು ಮಾತ್ರ ಬರುವುದಿಲ್ಲ. ಶುಂಠಿಗೋ ಬಾಳೆಗೋ ಸಾಲ ಮಾಡಿ ಬಂಡವಾಳ ಹಾಕಿದ ರೈತ ನಡುರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗುತ್ತಾನೆ. ಇಷ್ಟು ಕಷ್ಟಪಟ್ಟರೂ ಏಪ್ರಿಲ್ ತಿಂಗಳಲ್ಲಿ ಬೆಳೆ ಒಣಗುವುದು ತಪ್ಪುವುದಿಲ್ಲ.

ಕರೆಂಟು ಸರಿಯಾಗಿ ಬರುವಂತೆ ಮಾಡುವುದು ವಿದ್ಯುತ್ ಕಂಪನಿಯ ಕೆಲಸ, ಸರ್ಕಾರದ ಕೆಲಸ. ಅದಕ್ಕಾಗಿ ರೈತರು ಒತ್ತಾಯಿಸುವುದು ನ್ಯಾಯವಾದದ್ದೇ. ಆದರೆ ಬೇಸಾಯಶಾಸ್ತ್ರದ ದೃಷ್ಟಿಯಿಂದ ನೋಡಿದರೆ, ಈ ಭಾಗದಲ್ಲಿ ಒಣಗುವ ಬೆಳೆಯಲ್ಲಿ ಒಂದು ಪಾಲು ಕರೆಂಟಿಲ್ಲದೆ ಒಣಗುವುದಾದರೆ, ಇನ್ನೊಂದು ಪಾಲು ಇಲ್ಲದ ಕರೆಂಟನ್ನು ಇದೆಯೆಂದು ನಂಬಿ ನಾಟಿ ಮಾಡಿದ್ದರಿಂದ ಒಣಗುತ್ತದೆ. ಈ ಎರಡನೆಯ ಪಾಲನ್ನು ತಪ್ಪಿಸುವುದು ರೈತನ ಕೈಯಲ್ಲೇ ಇದೆ.

ಮೈಸೂರು ಸೀಮೆಗೆ ವಿದ್ಯುತ್ತು ಹೊಸದೇನಲ್ಲ. 1902ರಲ್ಲೇ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ತೆಗೆದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಇದೇ ಕಾವೇರಿಯ ದಡದ ಹೊಲಗಳಿಗೆ ಕಂಬ ಬರಲು ಮಾತ್ರ ಬಹಳ ವರ್ಷ ಹಿಡಿಯಿತು. ವಿದ್ಯುಚ್ಛಕ್ತಿ ಮಂಡಳಿ ಹೋಗಿ 1999ರಲ್ಲಿ ಪ್ರಸರಣ ನಿಗಮ ಬಂತು. 2005ರಿಂದ ಈ ಜಿಲ್ಲೆಗೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್. 2008ರಿಂದ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ತು ಉಚಿತವಾಯಿತು. ರೈತರಿಗೆ ಅದು ದೊಡ್ಡ ಆಸರೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಬಿಲ್ಲಿನ ಜೊತೆಗೆ ಲೆಕ್ಕ ಇಡುವ ಅಭ್ಯಾಸವೂ ಹೋಯಿತು. ತನ್ನ ಪಂಪು ದಿನಕ್ಕೆ ಎಷ್ಟು ಗಂಟೆ ಓಡುತ್ತದೆ, ಗಂಟೆಗೆ ಎಷ್ಟು ನೀರು ಎತ್ತುತ್ತದೆ ಎಂದು ಕೇಳಿದರೆ ಖಚಿತವಾಗಿ ಹೇಳುವ ರೈತರು ಕಡಿಮೆ.

2023ರ ಬರವನ್ನು ಯಾರೂ ಮರೆತಿರಲಾರರು. ಪಂಪ್‌ಸೆಟ್‌ಗಳಿಗೆ ಕೊಡುತ್ತಿದ್ದ 7 ಗಂಟೆ ತ್ರೀಫೇಸ್ 5 ಗಂಟೆಗೆ ಇಳಿದು, ರೈತರ ಚಳವಳಿಯ ನಂತರ ಮತ್ತೆ 7 ಗಂಟೆಗೆ ಏರಿತು. ಆ ವರ್ಷ ಹಾಗೇಕಾಯಿತು ಎಂಬುದನ್ನು ತಿಳಿದಿರಬೇಕು. ಮಳೆ ಕೈಕೊಟ್ಟರೆ ಜಲಾಶಯದಲ್ಲಿ ನೀರು ಇಳಿಯುತ್ತದೆ, ಅದರಿಂದ ಬರುವ ವಿದ್ಯುತ್ತೂ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ, ಮಳೆಯಿಲ್ಲದ ಕಾರಣ, ಆಗಸ್ಟ್ ಸೆಪ್ಟೆಂಬರಿನಲ್ಲಿ ಸುಮ್ಮನಿರಬೇಕಾದ ಪಂಪುಗಳೆಲ್ಲ ಒಟ್ಟಿಗೆ ಓಡತೊಡಗುತ್ತವೆ. ಹೀಗಾಗಿ ಬೆಳೆಗೆ ಕೊಳವೆ ಬಾವಿ ನೀರು ಬೇಕೇ ಬೇಕೆನ್ನುವ ವರ್ಷವೇ ಕರೆಂಟು ಕೈಕೊಡುವ ವರ್ಷವೂ ಆಗುತ್ತದೆ. ಹಿಂದಿನ ಒಳ್ಳೆಯ ವರ್ಷದಲ್ಲಿ ಎಷ್ಟು ಗಂಟೆ ಸಿಕ್ಕಿತ್ತು ಎಂಬುದನ್ನು ನೋಡಿ ಮುಂದಿನ ಬೇಸಿಗೆಯ ಬೆಳೆ ಯೋಜಿಸಬಾರದು.

ಒಂದು ಡ್ರಮ್ಮು, ಒಂದು ಗಡಿಯಾರ

ಲೆಕ್ಕ ಹಾಕಲು ದೊಡ್ಡ ಸಲಕರಣೆ ಏನೂ ಬೇಡ. 200 ಲೀಟರಿನ ಒಂದು ಡ್ರಮ್ಮನ್ನು ಪೈಪಿನ ಬಾಯಿಗೆ ಇಟ್ಟು ತುಂಬಲು ಎಷ್ಟು ಸೆಕೆಂಡು ಬೇಕೆಂದು ಗಡಿಯಾರ ನೋಡಿ. ಪಂಪು ಹಾಕಿದ ಕೂಡಲೇ ಅಳೆಯಬಾರದು. ಬಾವಿಯಲ್ಲಿ ನಿಂತಿದ್ದ ನೀರು ಮೊದಲು ರಭಸವಾಗಿ ಬರುತ್ತದೆ. ಒಂದು ಗಂಟೆ ಓಡಿದ ಮೇಲೆ ಅಳೆಯಿರಿ. ನವೆಂಬರಿನಲ್ಲಿ ಅಳೆದ ಲೆಕ್ಕ ಏಪ್ರಿಲಿಗೆ ಬಾರದು, ಆದ್ದರಿಂದ ಬೇಸಿಗೆಯಲ್ಲಿ ಮತ್ತೊಮ್ಮೆ ಅಳೆಯಿರಿ.

ಡ್ರಮ್ಮು 80 ಸೆಕೆಂಡಿನಲ್ಲಿ ತುಂಬಿತೆಂದು ಇಟ್ಟುಕೊಳ್ಳೋಣ. ಸೆಕೆಂಡಿಗೆ ಎರಡೂವರೆ ಲೀಟರ್, ಗಂಟೆಗೆ 9,000 ಲೀಟರ್ ಆಯಿತು. 7 ಗಂಟೆ ಓಡಿದರೆ 63,000 ಲೀಟರ್. ಇನ್ನು ನಿಜವಾಗಿ ಎಷ್ಟು ಗಂಟೆ ಓಡುತ್ತದೆ ಎಂಬುದು ತಿಳಿಯಬೇಕು. ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿ, ಕರೆಂಟು ಬಂದ ಹೊತ್ತು, ಹೋದ ಹೊತ್ತು ಎರಡನ್ನೂ 15 ದಿನ ಬರೆಯಿರಿ. ಓಡಿದ ಗಂಟೆ ಎಣಿಸುವ ಸಣ್ಣ ಮೀಟರುಗಳೂ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತವೆ. ಕಾಗದದ ಮೇಲಿನ 7 ಗಂಟೆ ನಿಮ್ಮ ಹೊಲದಲ್ಲಿ ನಾಲ್ಕೂವರೆ ಗಂಟೆಯೇ ಆಗಿದ್ದರೆ ದಿನಕ್ಕೆ ಸಿಗುವ ನೀರು ಸುಮಾರು 40,000 ಲೀಟರ್ ಮಾತ್ರ.

ಈಗ ಬೆಳೆಯ ಕಡೆ ನೋಡಿ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಿಸಲು ಸುಮಾರು 4,000 ಲೀಟರ್ ಬೇಕು. ನೆಲ ಮುಚ್ಚಿ ಬೆಳೆದಿರುವ ಬೆಳೆ ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ದಿನಕ್ಕೆ 5ರಿಂದ 6 ಮಿ.ಮೀ. ನೀರು ಕುಡಿಯುತ್ತದೆ. ಅಂದರೆ ಎಕರೆಗೆ ದಿನಕ್ಕೆ 20ರಿಂದ 24 ಸಾವಿರ ಲೀಟರ್. ಸಾಲಿನಲ್ಲಿ ನೀರು ಹಾಯಿಸಿದರೆ ದಾರಿಯಲ್ಲೂ ನೆಲದಾಳಕ್ಕೂ ಹೋಗುವ ನೀರು ಬಹಳ. ಬಾವಿಯಿಂದ 35ರಿಂದ 40 ಸಾವಿರ ಲೀಟರ್ ಎತ್ತಬೇಕಾಗುತ್ತದೆ. ಹನಿ ನೀರಾವರಿಯಲ್ಲಾದರೆ 26 ಸಾವಿರ ಲೀಟರಿನಲ್ಲಿ ಕೆಲಸ ಮುಗಿಯುತ್ತದೆ.

ಮೇಲಿನ ಬಾವಿಯ ರೈತ 7 ಗಂಟೆ ನಂಬಿ, ಹನಿ ಕೊಳವೆ ಹಾಕಿ, ಸುಮಾರು ಎರಡೂವರೆ ಎಕರೆ ಬಾಳೆ ನೆಟ್ಟರೆ ಲೆಕ್ಕ ಸರಿಯಾಗಿಯೇ ಇದೆ. ಕರೆಂಟು ನಾಲ್ಕೂವರೆ ಗಂಟೆ ಬಂದರೆ ಅದೇ ನೀರು ಸಾಕಾಗುವುದು ಒಂದೂವರೆ ಎಕರೆಗೆ. ಸಾಲು ನೀರಾವರಿಯಾದರೆ ಒಂದೇ ಎಕರೆಗೆ. ಉಳಿದ ಗಿಡಗಳು ಸಾಯುವುದಿಲ್ಲ ನಿಜ. ಆದರೆ ಎರಡೂವರೆ ಎಕರೆಯ ಎಲ್ಲ ಗಿಡಗಳೂ ಅರೆಹೊಟ್ಟೆಯಲ್ಲಿ ಉಳಿದು, ಗೊನೆ ಸಣ್ಣದಾಗಿ, ಒಂದೂವರೆ ಎಕರೆಯಲ್ಲಿ ಬರಬಹುದಾಗಿದ್ದ ಹಣವೂ ಕೈಗೆ ಬರುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳುತ್ತಿದ್ದರು. ಇಲ್ಲಿ ಹಾಸಿಗೆ ಎಂದರೆ ಜಮೀನಿನ ವಿಸ್ತೀರ್ಣವೂ ಅಲ್ಲ, ಮೋಟಾರಿನ ಅಶ್ವಶಕ್ತಿಯೂ ಅಲ್ಲ; ಬೇಸಿಗೆಯಲ್ಲಿ ನಿಜವಾಗಿ ಸಿಗುವ ಗಂಟೆ. ಕರೆಂಟು ಸಾಲದೆಂದು 5 ಅಶ್ವಶಕ್ತಿಯ ಬದಲು ಏಳೂವರೆ ಅಶ್ವಶಕ್ತಿಯ ಮೋಟಾರು ಇಳಿಸುವವರಿದ್ದಾರೆ. ಬಾವಿಯಲ್ಲಿ ಊಟೆ ಇಲ್ಲದಿದ್ದರೆ ದೊಡ್ಡ ಮೋಟಾರು ಬಾವಿಯನ್ನು ಬೇಗ ಬರಿದು ಮಾಡುತ್ತದೆ, ಅಷ್ಟೆ.

ಕರೆಂಟು ಹೋಗಿ ಬಂದಾಗ ನೀರು ಎಲ್ಲಿ ಹೋಗುತ್ತದೆ?

ಕರೆಂಟು ಹೋದಾಗ ಪಂಪು ನಿಲ್ಲುವ ನಷ್ಟ ಎಲ್ಲರಿಗೂ ಕಾಣುತ್ತದೆ. ಮತ್ತೆ ಬಂದಾಗ ಆಗುವ ನಷ್ಟ ಕಾಣುವುದಿಲ್ಲ. ಬಾವಿಯಿಂದ ದೂರದ ಪಾತಿಗೆ ಕೆಂಪು ಮಣ್ಣಿನಲ್ಲಿ 200 ಮೀಟರ್ ಕಾಲುವೆ ಇದೆ ಎನ್ನಿ. ಒಣಗಿದ ಕಾಲುವೆ ನೆನೆದು ನೀರು ತುದಿ ಮುಟ್ಟಲು 20 ನಿಮಿಷ ಹಿಡಿದರೆ 3,000 ಲೀಟರ್ ದಾರಿಯಲ್ಲೇ ಇಂಗಿತು. ಕರೆಂಟು ದಿನಕ್ಕೆ ನಾಲ್ಕು ಸಲ, ಕಾಲುವೆ ಒಣಗುವಷ್ಟು ಹೊತ್ತು ಹೋಗಿ ಬಂದರೆ 12,000 ಲೀಟರ್. ಮೇಲೆ ಹೇಳಿದ 40,000 ಲೀಟರಿನಲ್ಲಿ ಇದು ಕಾಲು ಭಾಗಕ್ಕಿಂತ ಹೆಚ್ಚು. ನಿರಂತರ ಕರೆಂಟಿದ್ದ ಕಾಲಕ್ಕೆ ಮಣ್ಣಿನ ಕಾಲುವೆ ನಡೆಯುತ್ತಿತ್ತು. ಹೋಗಿ ಬರುವ ಕರೆಂಟಿಗೆ ಅದು ಹೊಂದುವುದಿಲ್ಲ. ಹನಿ ನೀರಾವರಿಗೆ ಹಣವಿಲ್ಲದವರು ಮೊದಲು ಬಾವಿಯಿಂದ ಪಾತಿಯ ತಲೆಯವರೆಗೆ ಪಿ.ವಿ.ಸಿ. ಪೈಪನ್ನಾದರೂ ಹಾಕಿಕೊಳ್ಳಬೇಕು.

ಇನ್ನೊಂದು ತಪ್ಪು ಬಹಳ ತೋಟಗಳಲ್ಲಿ ಕಾಣುತ್ತದೆ. ಹೊಲವನ್ನು ನಾಲ್ಕು ಭಾಗ ಮಾಡಿ ವಾಲ್ವ್ ಇಟ್ಟಿರುತ್ತಾರೆ. ಕರೆಂಟು ಬಂದ ಕೂಡಲೇ ಅಭ್ಯಾಸಬಲದಿಂದ ಒಂದನೆಯ ವಾಲ್ವ್ ತೆರೆಯುತ್ತಾರೆ. ಮೂರನೆಯದು ನಡೆಯುತ್ತಿರುವಾಗ ಕರೆಂಟು ಹೋಗುತ್ತದೆ. ಮಾರನೆಯ ದಿನ ಮತ್ತೆ ಒಂದನೆಯದರಿಂದಲೇ ಆರಂಭ. ತಿಂಗಳ ಕೊನೆಗೆ ಮೊದಲ ಭಾಗ ಹಸಿರಾಗಿ, ನಾಲ್ಕನೆಯದು ಸೊರಗಿರುತ್ತದೆ. ಅಲ್ಲಿ ಮಣ್ಣು ಸರಿಯಿಲ್ಲವೆಂದು ಗೊಬ್ಬರ ಸುರಿಯುತ್ತಾರೆ. ಎಲ್ಲಿ ನಿಂತಿತೋ ಅಲ್ಲಿಂದಲೇ ಮರುದಿನ ಆರಂಭಿಸಿ, ನಿಂತ ವಾಲ್ವಿನ ಸಂಖ್ಯೆಯನ್ನು ಅದೇ ಹಾಳೆಯಲ್ಲಿ ಬರೆದಿಟ್ಟರೆ ಒಂದು ಕಾಸು ಖರ್ಚಿಲ್ಲದೆ ಇದು ಸರಿಹೋಗುತ್ತದೆ. ರಸಗೊಬ್ಬರವನ್ನು ಹನಿ ಕೊಳವೆಯಲ್ಲಿ ಬಿಡುವವರು ಪಾಳಿಯ ಕೊನೆಯ ಗಂಟೆಗೆ ಕಾಯಬಾರದು. ಗೊಬ್ಬರ ಬಿಟ್ಟ ಮೇಲೆ ಕೊಳವೆ ತೊಳೆಯಲು ನೀರು ಹರಿಯಲೇಬೇಕು. ನಡುವೆ ಕರೆಂಟು ಹೋದರೆ ಗೊಬ್ಬರ ಕೊಳವೆಯಲ್ಲೇ ನಿಂತು ಹನಿ ಬಾಯಿ ಕಟ್ಟಿಕೊಳ್ಳುತ್ತದೆ.

ಶುಂಠಿ ಬೆಳೆಗಾರರಿಗೆ ಒಂದು ವಿಶೇಷ ಎಚ್ಚರಿಕೆ ಬೇಕು. ರಾತ್ರಿ ಪಾಳಿಗೆ ಹೆದರಿ ಆಟೋ ಸ್ಟಾರ್ಟರ್ ಹಾಕಿ ಮಲಗುತ್ತಾರೆ. ಕರೆಂಟು ಬಂದಷ್ಟು ಹೊತ್ತೂ ನೀರು ಒಂದೇ ಕಡೆ ಹರಿದು ಇಳಿಜಾರಿನ ಮಡಿಗಳಲ್ಲಿ ನಿಲ್ಲುತ್ತದೆ. ನಿಂತ ನೀರು ಗೆಡ್ಡೆ ಕೊಳೆ ರೋಗಕ್ಕೆ ದಾರಿ ಮಾಡುತ್ತದೆ. ರೋಗ ಒಂದು ಮೂಲೆಯಲ್ಲಿ ಹಿಡಿದರೆ ಹರಿಯುವ ನೀರಿನೊಂದಿಗೆ ಕೆಳಗಿನ ಮಡಿಗಳಿಗೂ ಹೋಗುತ್ತದೆ. ನೀರಿಲ್ಲದೆ ಕೆಡುವ ಶುಂಠಿಗಿಂತ ಹೀಗೆ ನೀರು ಹೆಚ್ಚಾಗಿ ಕೆಡುವ ಶುಂಠಿಯ ನಷ್ಟ ದೊಡ್ಡದು. ಮಡಿಗಳ ಮೇಲೆ ಸೊಪ್ಪು ಅಥವಾ ಹುಲ್ಲು ಹೊದಿಸಿದರೆ ಒಂದೆರಡು ದಿನ ಕರೆಂಟು ತಪ್ಪಿದರೂ ತೇವ ಉಳಿಯುತ್ತದೆ, ಹೆದರಿ ಆಟೋ ಹಾಕುವ ಅಗತ್ಯವೂ ಬೀಳುವುದಿಲ್ಲ.

ಆಟೋ ಸ್ಟಾರ್ಟರ್ ಬೇಕೇ ಬೇಕೆನ್ನುವವರು ನೀರನ್ನು ಬೆಳೆಗೆ ಬಿಡದೆ ತೊಟ್ಟಿಗೆ ಬಿಡುವುದು ಕ್ಷೇಮ. ಜಮೀನಿನ ಎತ್ತರದ ಮೂಲೆಯಲ್ಲಿ 10 ಮೀಟರ್ ಉದ್ದ, 10 ಮೀಟರ್ ಅಗಲ, 2 ಮೀಟರ್ ಆಳದ ತೊಟ್ಟಿ ಕಟ್ಟಿದರೆ 2 ಲಕ್ಷ ಲೀಟರ್ ಹಿಡಿಯುತ್ತದೆ. ನಮ್ಮ ಲೆಕ್ಕದ ಬಾವಿಗೆ ಇದು ಐದು ದಿನದ ನೀರು. ರಾತ್ರಿ ಬಂದ ಕರೆಂಟಿನಲ್ಲಿ ತೊಟ್ಟಿ ತುಂಬಲಿ. ಬೆಳಗ್ಗೆ ಕಣ್ಣೆದುರಿಗೆ, ಬೇಕಾದ ಪಾತಿಗೆ, ಬೇಕಾದಷ್ಟೇ ನೀರು ಬಿಡಬಹುದು. ಅಷ್ಟು ದೊಡ್ಡದು ಸಾಧ್ಯವಿಲ್ಲದಿದ್ದರೆ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡವೂ ಈ ಕೆಲಸ ಮಾಡುತ್ತದೆ. ಮಳೆನೀರು ಹಿಡಿಯಲು ತೆಗೆಸಿದ ಹೊಂಡ ಬೇಸಿಗೆಯಲ್ಲಿ ಖಾಲಿ ಬಿದ್ದಿರುವುದನ್ನು ಎಷ್ಟೋ ಕಡೆ ನೋಡಬಹುದು. ಒಂದು ಮಾತು ನೆನಪಿರಲಿ: ನೆಲಮಟ್ಟದ ತೊಟ್ಟಿಯ ಒತ್ತಡ ಸಾಲು ನೀರಾವರಿಗೆ ಸಾಕು, ಸಾಮಾನ್ಯ ಹನಿ ಕೊಳವೆಗೆ ಸಾಲದು. ಅದಕ್ಕೆ ಸಣ್ಣ ಪಂಪೊಂದು ಬೇಕಾಗುತ್ತದೆ. ಹೊಗೆಸೊಪ್ಪಿನ ಸಸಿಮಡಿ ಇರುವವರಿಗೆ ಇಷ್ಟೂ ಬೇಡ. ಸಸಿಮಡಿಗೆ ಬೇಕಾಗುವ ನೀರು ಕಡಿಮೆ, ಆದರೆ ಒಂದು ದಿನವೂ ತಪ್ಪುವಂತಿಲ್ಲ. ನಾಲ್ಕು ಡ್ರಮ್ಮು ಯಾವಾಗಲೂ ತುಂಬಿಟ್ಟಿದ್ದರೆ ಸಾಕು.

ಒಂದು ಟೀಸಿಯ ಕೆಳಗಿನವರು

ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗಿನ ರೈತರು ಒಂದೇ ಕೆರೆಯ ಅಚ್ಚುಕಟ್ಟುದಾರರಿದ್ದಂತೆ. ಒಬ್ಬನ ಅವಸರ ಎಲ್ಲರ ಬೆಳೆಗೂ ತಗಲುತ್ತದೆ. 5 ಅಶ್ವಶಕ್ತಿಯ ಒಂದು ಮೋಟಾರು, ಕೆಪಾಸಿಟರ್ ಇಲ್ಲದಿದ್ದರೆ, ಟೀಸಿಯ ಮೇಲೆ ಸುಮಾರು 6 ಕೆ.ವಿ.ಎ. ಭಾರ ಹಾಕುತ್ತದೆ. 25 ಕೆ.ವಿ.ಎ. ಟೀಸಿ ನಾಲ್ಕು ಮೋಟಾರಿಗೇ ತುಂಬಿಹೋಯಿತು. ಪ್ರತಿ ಮೋಟಾರಿಗೂ 2 ಕೆ.ವಿ.ಎ.ಆರ್. ಕೆಪಾಸಿಟರ್ ಕೂರಿಸಿದರೆ ಭಾರ 5 ಕೆ.ವಿ.ಎ. ಆಸುಪಾಸಿಗೆ ಇಳಿಯುತ್ತದೆ. ಅದೇ ಟೀಸಿ ಐದು ಮೋಟಾರು ಹೊರುತ್ತದೆ, ಲೈನಿನ ಕೊನೆಯ ರೈತನಿಗೆ ವೋಲ್ಟೇಜೂ ಸ್ವಲ್ಪ ಏರುತ್ತದೆ. ಒಬ್ಬರೇ ಹಾಕಿಸಿದರೆ ಲಾಭ ಕಾಣುವುದಿಲ್ಲ. ಎಲ್ಲರೂ ಸೇರಿ ಹಾಕಿಸಬೇಕು. ಅಕ್ರಮವಾಗಿ ಕೊಕ್ಕೆ ಹಾಕಿದ ಎರಡು ಪಂಪುಗಳಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ ಎಂಬುದನ್ನು ಊರಿನಲ್ಲಿ ಬಾಯಿಬಿಟ್ಟು ಹೇಳುವವರು ಬೇಕು.

ಮೋಟಾರು ಹೊರಡುವಾಗ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಎಲ್ಲರ ಆಟೋ ಸ್ಟಾರ್ಟರ್‌ಗಳೂ ಕರೆಂಟು ಬಂದ ಕ್ಷಣದಲ್ಲೇ ಒಟ್ಟಿಗೆ ಎಳೆದರೆ ಫ್ಯೂಸ್ ಹೋಗುವುದು, ಟೀಸಿ ಸುಡುವುದು ಸಹಜ. ಆಟೋ ಸ್ಟಾರ್ಟರ್‌ನಲ್ಲಿ ತಡ ಮಾಡಿ ಹೊರಡಿಸುವ ಟೈಮರ್ ಇರುತ್ತದೆ. ಮೊದಲನೆಯವನು ಒಂದು ನಿಮಿಷ, ಎರಡನೆಯವನು ಎರಡು, ಮೂರನೆಯವನು ಮೂರು ಎಂದು ಇಟ್ಟುಕೊಂಡರೆ ಆಯಿತು. ಯಾರು ಮೊದಲು ಎಂಬ ಜಗಳ ಬಂದರೆ ವಾರಕ್ಕೊಮ್ಮೆ ಸರದಿ ಬದಲಿಸಿ.

ವೋಲ್ಟೇಜ್ 20 ಪಾಲು ಕುಸಿದರೆ ಮೋಟಾರಿನ ತಿರುಗುವ ಬಲ 36 ಪಾಲು ಕುಸಿಯುತ್ತದೆ. ಹೊರಡಲಾರದೆ ನಿಂತ ಮೋಟಾರು ಕರೆಂಟು ಹೆಚ್ಚು ಎಳೆದು ಒಳಗೇ ಕಾಯುತ್ತದೆ. ವೋಲ್ಟ್‌ಮೀಟರ್ 350ಕ್ಕಿಂತ ಕೆಳಗೆ ತೋರಿಸುವಾಗ ಪಂಪು ಹಾಕದಿರುವುದೇ ಲೇಸು. ಮೂರರಲ್ಲಿ ಒಂದು ಫೇಸ್ ಹೋದಾಗ ಕೆಪಾಸಿಟರ್ ಕಟ್ಟಿ ಎರಡರಲ್ಲೇ ಮೋಟಾರು ಓಡಿಸುವ ಚಾಳಿ ಈ ಭಾಗದಲ್ಲಿ ಬಹಳ ಇದೆ. ಒಂದು ರಾತ್ರಿಯ ನೀರು ಸಿಗಬಹುದು. ಸುತ್ತು ಸುಟ್ಟರೆ ಮೋಟಾರು ಎತ್ತಿಸಿ, ರಿವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವಷ್ಟರಲ್ಲಿ ಎಷ್ಟು ದಿನ ನೀರಿಲ್ಲ? ಆ ದಿನಗಳು ಮುಸುಕಿನ ಜೋಳ ಸೂಲಂಗಿ ಒಡೆಯುವ ಹೊತ್ತಿಗೆ ಬಂದರೆ ರಿವೈಂಡಿಂಗ್ ಖರ್ಚಿಗಿಂತ ಕಾಳಿನ ನಷ್ಟವೇ ಹೆಚ್ಚು. ಫೇಸ್ ತಪ್ಪಿದಾಗಲೂ ಬಾವಿಯಲ್ಲಿ ನೀರು ಮುಗಿದಾಗಲೂ ತಾನಾಗಿ ನಿಲ್ಲಿಸುವ ಸಾಧನ ಸ್ಟಾರ್ಟರಿನಲ್ಲಿ ಇರಲೇಬೇಕು.

ರಾತ್ರಿಯ ಹೊಲ

ಹನಗೋಡು, ಅಂತರಸಂತೆ, ಸರಗೂರಿನ ಕಡೆ ನಾಗರಹೊಳೆ, ಬಂಡೀಪುರದ ಕಾಡಂಚಿನ ಹೊಲಗಳಲ್ಲಿ ರಾತ್ರಿ ಪಾಳಿ ಎಂದರೆ ಬರೀ ನಿದ್ದೆಗೇಡಲ್ಲ. ಆನೆ ಬರುವ ದಾರಿಯಲ್ಲಿ ನೀರು ಕಟ್ಟಲು ಹೋಗಬೇಕು. ಇಂಥ ಹೊಲಗಳಿಗೆ ಮನೆಯಿಂದಲೇ ಫೋನಿನ ಮೂಲಕ ಪಂಪು ಹಾಕಿ ಆರಿಸುವ ಮೊಬೈಲ್ ಸ್ಟಾರ್ಟರ್ ಅನಗತ್ಯ ಖರ್ಚಲ್ಲ. ಆದರೆ ಅದರ ಜೊತೆಗೆ ತೊಟ್ಟಿಯೂ ಇರಬೇಕು. ಇಲ್ಲದಿದ್ದರೆ ವಾಲ್ವ್ ತಿರುಗಿಸಲು ಹೇಗೂ ರಾತ್ರಿ ಹೋಗಲೇಬೇಕಾಗುತ್ತದೆ. ಕಾಡಂಚಿನ ರೈತರು ಒಟ್ಟಾಗಿ ಹಗಲು ಪಾಳಿಗೆ ಅರ್ಜಿ ಕೊಡಬೇಕು. ಅವರ ಬೇಡಿಕೆಗೆ ಉಳಿದವರಿಗಿಂತ ಹೆಚ್ಚಿನ ಕಾರಣವಿದೆ.

ಪಂಪಿನ ಲೈನಿನಿಂದ ಬೇಲಿಗೆ ಕರೆಂಟು ಬಿಡುವುದನ್ನು ಯಾವ ಕಾರಣಕ್ಕೂ ಮಾಡಬಾರದು. ಅದು ಅಪರಾಧ, ಆನೆ ಹಂದಿ ಮಾತ್ರವಲ್ಲ, ಪಕ್ಕದ ಹೊಲದವನೂ ಸ್ವಂತ ಮನೆಯ ಮಗುವೂ ಸಾಯುತ್ತಾರೆ. ಸೋಲಾರ್ ಬೇಲಿಯಲ್ಲಿ ಹರಿಯುವುದು ಕ್ಷಣಕ್ಷಣಕ್ಕೆ ತಟ್ಟಿ ನಿಲ್ಲುವ ಸಣ್ಣ ಹೊಡೆತ, ಅದರ ರೀತಿಯೇ ಬೇರೆ. ಲೈನ್‌ಮ್ಯಾನ್ ಬರಲಿಲ್ಲವೆಂದು ಟೀಸಿಯ ಫ್ಯೂಸನ್ನು ತಾವೇ ಹಾಕಲು ಹೋಗುವುದೂ ಅಷ್ಟೇ ಅಪಾಯ. ಒದ್ದೆ ಕಾಲಿನಲ್ಲಿ ಕಬ್ಬಿಣದ ಸ್ಟಾರ್ಟರ್ ಪೆಟ್ಟಿಗೆ ಮುಟ್ಟುವವರು ಅರ್ತಿಂಗ್ ಗುಂಡಿಯ ಕಡೆ ಗಮನ ಕೊಡಬೇಕು. ಬೇಸಿಗೆಯಲ್ಲಿ ಗುಂಡಿ ಒಣಗಿದರೆ ಅರ್ತಿಂಗ್ ಇದ್ದೂ ಇಲ್ಲದಂತೆ. ವಾರಕ್ಕೊಮ್ಮೆ ಎರಡು ಕೊಡ ನೀರು ಹುಯ್ಯಿರಿ.

ಬೆಳೆ ಆರಿಸುವಾಗ ಒಂದೇ ಮಾತು. ಬೇಸಿಗೆಯಲ್ಲಿ ಕೊಳವೆ ಬಾವಿಯನ್ನು ನಂಬಿ ಭತ್ತ ನಾಟಿ ಮಾಡಬೇಡಿ. ಕೃಷ್ಣರಾಜನಗರದ ನಾಲೆ ಬಯಲಿನಲ್ಲಿ ಅದು ಸರಿ, ಬಾವಿಯ ಕೆಳಗೆ ಸರಿಯಲ್ಲ. ಭತ್ತಕ್ಕೆ ಸುಮಾರು 1,200 ಮಿ.ಮೀ. ನೀರು ಬೇಕಾದರೆ ರಾಗಿ ಅದರ ಅರ್ಧಕ್ಕಿಂತ ಕಡಿಮೆಯಲ್ಲಿ ಬೆಳೆಯುತ್ತದೆ. ಇದಕ್ಕಿಂತ ದೊಡ್ಡ ಗುಣವೆಂದರೆ ರಾಗಿ ನಾಲ್ಕು ದಿನ ಕಾಯುತ್ತದೆ. ತೆಂಡೆ ಒಡೆಯುವಾಗ, ತೆನೆ ಬರುವಾಗ ನೀರು ತಪ್ಪದಿದ್ದರೆ ಉಳಿದ ದಿನ ಕರೆಂಟು ಹೋದರೂ ಇಳುವರಿ ಅಷ್ಟಾಗಿ ಇಳಿಯುವುದಿಲ್ಲ.

ಕೊನೆಯದಾಗಿ ಸೋಲಾರ್ ಪಂಪು. ಮೋಡವಾದರೆ ಓಡುವುದಿಲ್ಲ ಎಂದು ಹಿಂಜರಿಯುವವರಿದ್ದಾರೆ. ಮೋಡ ಕವಿಯುವ ಜೂನ್ ಜುಲೈನಲ್ಲಿ ಬೆಳೆಗೆ ಪಂಪಿನ ನೀರು ಬೇಕಾಗುವುದೂ ಕಡಿಮೆ. ಬೇಕಾಗುವ ಮಾರ್ಚ್ ಏಪ್ರಿಲಿನಲ್ಲಿ ಬಿಸಿಲು ಧಾರಾಳ. ಹಗಲಲ್ಲೇ ಓಡುವುದರಿಂದ ರಾತ್ರಿಯ ಚಿಂತೆಯಿಲ್ಲ. ಪ್ರಧಾನಮಂತ್ರಿ ಕುಸುಮ್ ಯೋಜನೆ 2019ರಲ್ಲಿ ಬಂತು. ಅದರ ‘ಬಿ’ ಭಾಗದಲ್ಲಿ ಕರ್ನಾಟಕದಲ್ಲಿ ಕೇಂದ್ರ ಸರ್ಕಾರ ಶೇಕಡ 30, ರಾಜ್ಯ ಸರ್ಕಾರ ಶೇಕಡ 50 ಕೊಟ್ಟು, ರೈತ ಶೇಕಡ 20 ಹಾಕುವಂತೆ ಏರ್ಪಾಡಾಗಿದೆ. ವಿದ್ಯುತ್ ಜಾಲದಿಂದ 500 ಮೀಟರಿಗಿಂತ ದೂರದ ಬಾವಿಗಳಿಗೆ ಇದು ಉದ್ದೇಶಿತ. ‘ಸಿ’ ಭಾಗದಲ್ಲಿ ಪಂಪ್‌ಸೆಟ್‌ಗಳ ಫೀಡರಿಗೇ ಸೌರವಿದ್ಯುತ್ ಸೇರಿಸಿ ಹಗಲು ಕರೆಂಟು ಕೊಡುವ ಉದ್ದೇಶವಿದೆ. ಗುಜರಾತಿನಲ್ಲಿ 2003ರಿಂದ ಜ್ಯೋತಿಗ್ರಾಮ ಯೋಜನೆಯಡಿ, ನಮ್ಮಲ್ಲಿ ನಿರಂತರ ಜ್ಯೋತಿ ಯೋಜನೆಯಡಿ ಮನೆಗಳ ಫೀಡರನ್ನೂ ಪಂಪಿನ ಫೀಡರನ್ನೂ ಬೇರೆ ಮಾಡಿದ ಕೆಲಸವೇ ಇದಕ್ಕೆ ಅಡಿಪಾಯ. ನಿಮ್ಮ ಫೀಡರ್ ಬೇರೆಯಾಗಿದೆಯೇ, ಅದು ಕುಸುಮ್ ಪಟ್ಟಿಯಲ್ಲಿದೆಯೇ ಎಂದು ಸೆಸ್ಕ್ ಉಪವಿಭಾಗದ ಕಚೇರಿಯಲ್ಲಿ ವಿಚಾರಿಸಿ.

ಟೀಸಿ ಸುಟ್ಟರೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಗ್ರಾಮಾಂತರ ಪ್ರದೇಶದಲ್ಲಿ ಸುಟ್ಟ ಟೀಸಿಯನ್ನು 72 ಗಂಟೆಯೊಳಗೆ ಬದಲಿಸಬೇಕೆಂದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿ ಮಾಡಿದೆ. ಆ 72 ಗಂಟೆ ಎಂದಿನಿಂದ ಎಂದು ತೋರಿಸಲು ದೂರಿನ ಸಂಖ್ಯೆ ಬೇಕು. ಲಿಖಿತ ಅರ್ಜಿಯಲ್ಲಿ ಆ ಟೀಸಿಯ ಕೆಳಗಿನ ಎಲ್ಲ ಪಂಪ್‌ಸೆಟ್‌ಗಳ ಆರ್.ಆರ್. ನಂಬರುಗಳೂ ಇರಲಿ, ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿದ ಆ ಹಾಳೆಯ ನಕಲೂ ಜೊತೆಗಿರಲಿ.